ಕೊಟ್ರಬಸಮ್ಮ ಮಾಡಿ ತೋರಿಸಿದ ಪಾಠ

ನಸುಕಿನಲ್ಲೇ ಮಿಂದು, ಹಣೆಗೆ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸುವವರೆಗೆ ಕೊಟ್ರಬಸಮ್ಮ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ. ಪೂಜೆಯಾದ ಮೇಲೆ ಗಂಡನ ಹಳೆಯ ಇಂಗ್ಲಿಷ್ ವ್ಯಾಕರಣದಿಂದ ಒಂದು ವಾಕ್ಯವನ್ನು ಗಟ್ಟಿಯಾಗಿ ಓದಬೇಕು. ಜ್ವರ ಬಂದರೂ ಇವೆರಡು ತಪ್ಪುತ್ತಿರಲಿಲ್ಲ.

ಹುಟ್ಟಿದ್ದು ಕುರುಗೋಡಿನಲ್ಲಿ, ಕೊಟ್ಟದ್ದು ಸಿರುಗುಪ್ಪಕ್ಕೆ. ಗಂಡ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಗುಮಾಸ್ತನಾಗಿದ್ದ. ಅವನು ಓದುವುದನ್ನು ಕೇಳಿ ಕೇಳಿಯೇ ಆಕೆ ಇಂಗ್ಲಿಷ್ ಕಲಿತದ್ದು. ಅವನು ತೀರಿಹೋದ ಮೇಲೆ ಬಳ್ಳಾರಿಯದೇ ಸತ್ಯನಾರಾಯಣಪೇಟೆಯ ಬಾಡಿಗೆ ಕೋಣೆಯಲ್ಲಿದ್ದು, ಮನೆಯಲ್ಲೇ ಓದಿ ಮೆಟ್ರಿಕ್ ಪಾಸಾದಳು.

೧೯೫೧ರಲ್ಲಿ ಅಲ್ಲಿಯ ಹೆಣ್ಣುಮಕ್ಕಳ ಶಾಲೆಗೆ ಇಂಗ್ಲಿಷ್ ಕಲಿಸುವವರು ಬೇಕಾಗಿದ್ದರು. ಕಮಿಟಿಯವರ ಎದುರು ಒಂದು ಪಾಠ ಮಾಡಿ ತೋರಿಸಬೇಕು. ಒಪ್ಪಿದರೆ ನೌಕರಿ, ಇಲ್ಲವಾದರೆ ಸಿರುಗುಪ್ಪದ ಮೈದುನನ ಮನೆಯ ಒಲೆಯೇ ಗತಿ.

ಪಾಠಕ್ಕೆ ಬಂದದ್ದು ‘ಹ್ಯಾವ್’ ಎಲ್ಲಿ, ‘ಹ್ಯಾಡ್’ ಎಲ್ಲಿ ಎನ್ನುವ ತೊಡಕು. ಹಿಂದೆ ರುಮಾಲು ಸುತ್ತಿದ ಹಿರಿಯರು ಕೂತದ್ದೇ ತಡ, ಹುಡುಗಿಯರ ಬಾಯಿಗೆ ಬೀಗ ಬಿತ್ತು. ಆಕೆ ಪುಸ್ತಕದ ಉದಾಹರಣೆ ಹೇಳಿದಳು. ಕಮಿಟಿಯ ಒಬ್ಬರು ಆಕಳಿಸಿದರು. ಕೊಟ್ರಬಸಮ್ಮ ಪುಸ್ತಕ ಮುಚ್ಚಿಟ್ಟು ತರಗತಿಯಲ್ಲಿದ್ದ ನೆರೆಮನೆಯ ಹುಡುಗಿಯ ಕಡೆ ತಿರುಗಿದಳು.

“ಜಂಬಮ್ಮಾ, ಊಟ ಆತೇನವ್ವಾ?”

“ಆಗೇತ್ರಿ ಅಕ್ಕೋರ.”

“ಇನ್ನೊಂದು ರೊಟ್ಟಿ ನೀಡಿದ್ರ?”

“ಒಲ್ಲೆರಿ, ಹೊಟ್ಟಿ ತುಂಬೇತಿ.”

“ಉಂಡದ್ದು ಆಗ, ಹೊಟ್ಟಿ ತುಂಬಿದ್ದು ಈಗ್ಲೂ ಐತಿ. ಅದಕ್ಕ ‘ಐ ಹ್ಯಾವ್ ಈಟನ್’. ನಿನ್ನೆ ನಿಮ್ಮನಿಗೆ ಬಂದಾಗ ನಿಮ್ಮವ್ವ ತಾಟು ಹಾಕಿದ್ಲು. ನೀ ಯಾಕ ನನ್ನ ಜೋಡಿ ಕುಂದ್ರಲಿಲ್ಲ?”

“ನೀವು ಬರೋದ್ರಾಗ ನಾ ಉಂಡಿದ್ನಿರಿ.”

“ಹೌದಲ್ಲ? ನಾ ಬಂದದ್ದು ನಿನ್ನೆಗೇ ಮುಗೀತು. ಅದಕ್ಕೂ ಮೊದ್ಲ ನಿನ್ನ ಊಟ ಮುಗಿದಿತ್ತು. ಹಂಗ ಮೊದ್ಲ ಮುಗಿದಿದ್ದಕ್ಕ ‘ಹ್ಯಾಡ್’.”

ಹೊನ್ನೂರಮ್ಮ ಎಂಬ ಚೂಟಿ ಹುಡುಗಿ ಎದ್ದು ನಿಂತಳು. “ಅಕ್ಕೋರ, ಹಸಿವಿದ್ರೂ ಮಂದಿ ಮನ್ಯಾಗ ‘ಆಗೇತಿ’ ಅಂತೀವಲ್ರಿ, ಅದಕ್ಕ ಯಾವ್ದು?”

“ಅದಕ್ಕೂ ‘ಹ್ಯಾವ್’. ಸುಳ್ಳಿಗೆ ಬ್ಯಾರೆ ವ್ಯಾಕರಣ ಇಲ್ಲವ್ವಾ. ಆದ್ರ ಆ ಮನಿ ತಾಯಿ ನಿನ್ನ ಮಾರಿ ನೋಡಿ ತಾಟು ಇಟ್ಟ ಇಡ್ತಾಳ!”

ಇಡೀ ಕೋಣೆ ಗೊಳ್ಳೆಂದಿತು, ರುಮಾಲುಗಳೂ ಅಲುಗಿದವು. ಆಮೇಲೆ ಹುಡುಗಿಯರು ನಾ ಮುಂದು ತಾ ಮುಂದು ಎಂದು ವಾಕ್ಯ ಕಟ್ಟಿದರು. ತಪ್ಪಿದವಳನ್ನು ಪಕ್ಕದವಳೇ ತಿವಿದು ತಿದ್ದಿದಳು.

ಪಾಠ ಮುಗಿದು ಕಮಿಟಿಯವರು ತೀರ್ಮಾನಕ್ಕೆಂದು ಒಳಗೆ ಹೋದರು. ಅವರಲ್ಲೊಬ್ಬರಾದ ವಿರೂಪಾಕ್ಷಪ್ಪ, ಆಕೆಯ ಗಂಡನ ಚಿಕ್ಕಪ್ಪ, ಬಾಗಿಲಲ್ಲಿ ಹಿಂದೆ ಉಳಿದರು.

“ನೋಡವ್ವಾ, ಗಂಡ ಸತ್ತಾಕಿಗೆ ಸಾಲಿ ಯಾಕಂತ ಒಬ್ರಿಬ್ರು ಮೂಗು ಮುರೀತಾರ. ಈಕಿ ನಮ್ಮನಿ ಸೊಸಿ ಅಂತ ಒಂದು ಮಾತು ಹೇಳ್ಲೇನು?”

ಕೊಟ್ರಬಸಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

“ಬ್ಯಾಡ್ರಿ ಮಾವಾರ. ಪಾಠ ಅವರ ಕಿವಿಗೇ ಬಿದ್ದೈತಿ. ನೀವು ಒಳಗ ಹೋಗಿ ಸುಮ್ನ ಕುಂದರ್ರಿ.”