ಹೊಲಿಗೆ ಟೀಚರ ಜೋಡಿ

ಅರವತ್ತರ ದಶಕದಲ್ಲಿ ಚಿಂತಾಮಣಿಯ ಮಹಿಳಾ ಸಮಾಜದಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಟೀಚರು ಮನೆಯಲ್ಲಿ ಒಬ್ಬರೇ ಇದ್ದರು. ಅವರ ಮನೆಗೆ ಹೋಗಿಬರುತ್ತಿದ್ದವರೆಂದರೆ ಡಾಕ್ಟರ ಹೆಂಡತಿ ಮಾತ್ರ. ಸಮಾಜದಲ್ಲಿ ಮಧ್ಯಾಹ್ನ ಆಡುತ್ತಿದ್ದ ಇಸ್ಪೀಟಿನಲ್ಲೂ ಅವರಿಬ್ಬರದೇ ಜೋಡಿ. ಯಾರಾದರೂ ಎಲೆ ತಪ್ಪಾಗಿ ಹಂಚಿ ಮುಖ ಸಣ್ಣಗೆ ಮಾಡಿಕೊಂಡರೆ ಟೀಚರು ಎಲ್ಲರ ಎಲೆಗಳನ್ನೂ ಅಂಗೈಯಿಂದ ಬಳಿದು ಅವಳ ಮುಂದಿಡುತ್ತಿದ್ದರು. "ಕೈ ತಪ್ಪೋದು ಸಹಜ ಕಣಮ್ಮ. ಕಲಸಿ ಮತ್ತೆ ಹಾಕು."

ಒಂದು ವರ್ಷ ಸಮಾಜದ ಇಸ್ಪೀಟು ಪಂದ್ಯದ ಕೊನೆಯ ಆಟದಲ್ಲಿ ಅವರಿಗೆ ಎದುರಾಳಿ ನಮ್ಮ ಜೋಡಿ. ನಾನು ಎಲೆ ಹಂಚಿ ಮುಗಿಸುತ್ತಿದ್ದಂತೆ ಟೀಚರು ತಮ್ಮ ಎಲೆಗಳನ್ನು ಕೆಳಗಿಟ್ಟರು.

"ಹಂಚೋವಾಗ ನಿನ್ನ ಎಲೆ ಒಂದು ನನಗೆ ಕಾಣಿಸ್ತಮ್ಮ. ಕಲಸಿ ಮತ್ತೆ ಹಾಕು."

ಅದನ್ನು ಬೇರೆ ಯಾರೂ ಗಮನಿಸಿರಲಿಲ್ಲ. ಡಾಕ್ಟರ ಹೆಂಡತಿಯ ಕೈಗೆ ಗೆಲ್ಲುವ ಎಲೆಗಳೇ ಬಂದಿದ್ದವು.

"ನೀವು ಸುಮ್ನಿರಬಾರದಾಗಿತ್ತಾ?" ಎಂದರು ಅವರು.

ಮತ್ತೆ ಹಂಚಿದಾಗ ನಾವು ಗೆದ್ದೆವು. ಅಂದಿನಿಂದ ಡಾಕ್ಟರ ಹೆಂಡತಿ ಬೇರೆ ಜೋಡಿ ಹುಡುಕಿಕೊಂಡರು. ಟೀಚರ ಮನೆಗೆ ಹೋಗುವುದನ್ನೂ ಬಿಟ್ಟರು.

ಒಂದು ಸಂಜೆ, ಹೊಲಿಯಲು ಕೊಟ್ಟಿದ್ದ ರವಿಕೆ ತರಲು ಹೋದಾಗ ಕೇಳಿದೆ, "ಬೇಜಾರಾಗಲ್ವಾ ಟೀಚರ್?"

ಸೂಜಿಗೆ ದಾರ ಪೋಣಿಸುತ್ತಿದ್ದವರು ತಲೆಯೆತ್ತಲಿಲ್ಲ.

"ನೋಡಿದ್ದನ್ನ ನೋಡಿಲ್ಲ ಅಂತ ಹೇಗಮ್ಮ ಇರೋದು?" ಎಂದರು. ದಾರದ ತುದಿಗೆ ಗಂಟು ಹಾಕಿ, "ಬೇಜಾರಾಗುತ್ತೆ ಕಣಮ್ಮ. ಕೆಲಸ ಇಲ್ದಿದ್ರೆ ಒಂದಿಷ್ಟು ಹೊತ್ತು ಕೂತ್ಕೊ," ಎಂದರು.