ಅರಭಾವಿಗೊಂದು ಟಿಕೆಟ್

ಇದನ್ನು ಯಾರಿಗಾದರೂ ಹೇಳದೆ ನನಗೆ ಸಮಾಧಾನವಿಲ್ಲ! ಮೊಮ್ಮಗಳು ಶ್ರೇಯಾಳ ಕುತ್ತಿಗೆ ತಾನಾಗಿಯೇ ಅಡ್ಡಡ್ಡ ಅಲ್ಲಾಡುತ್ತದೆ. ಅದಕ್ಕೆ ಟಿಕ್ ಎನ್ನುತ್ತಾರೆ. ಮಕ್ಕಳ ಅಣಕಕ್ಕೆ ಹೆದರಿ ಅವಳು ತಿಂಗಳಿಂದ ಶಾಲೆ ಬಿಟ್ಟಿದ್ದಳು. ಕುತ್ತಿಗೆಗಿಂತ ಮೊದಲು ಆ ಹೆದರಿಕೆಗೆ ಮದ್ದು ಬೇಕು ಎಂದಿದ್ದರು ಡಾಕ್ಟರು. ಅಂತೂ ಅವತ್ತು ಒಪ್ಪಿಸಿ, ಅರಭಾವಿಯ ಶಾಲೆಗೆ ಬಿಟ್ಟುಬರಲು ಗೋಕಾಕದಲ್ಲಿ ಬಸ್ ಹತ್ತಿಸಿ ಜೊತೆಗೆ ಕೂತಿದ್ದೆ.

"ಅರಭಾವಿಗೇನ ತಂಗಿ?" ಎಂದ ಕಂಡಕ್ಟರ್.

ಕುತ್ತಿಗೆ ಅಲ್ಲಾಡಿತು.

"ಅಲ್ಲಾ? ಮೂಡಲಗಿಗೇನ?"

ಮತ್ತೆ ಅಲ್ಲಾಡಿತು.

"ಹಂಗಾರ ಸೋಲಾಪುರಕ್ಕ ಹೊಂಟೀಯೇನು?"

ಬಸ್ಸೆಲ್ಲ ನಕ್ಕಿತು. ಶ್ರೇಯಾ ನನ್ನ ಸೆರಗು ಹಿಡಿದು, "ಆಯಿ, ಮನಿಗಿ ಹೋಗೂಣು" ಎಂದಳು.

ಬಿ.ಎ. ಮಾಡಿದವಳು ನಾನು. ಡಾಕ್ಟರ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟ ಫೈಲು ಹಿಡಿದು, ಕಂಡಕ್ಟರನಿಗೆ ಪಾಠ ಮಾಡಲು ಎದ್ದೇಬಿಟ್ಟೆ. ಅಷ್ಟರಲ್ಲಿ ಅವಳೇ ದನಿ ಎತ್ತಿದಳು.

"ಕಾಕಾ, ಅರಭಾವಿಗೇ ರೀ. ಕುತ್ತಿಗಿ ತಾನ ಅಲ್ಲಾಡ್ತೈತಿ. ಅದರ ಮಾತು ಕೇಳಬ್ಯಾಡ್ರಿ, ನಂದು ಕೇಳ್ರಿ!"

"ತಪ್ಪಾತವ್ವಾ," ಎಂದು ಅವನು ಟಿಕೆಟ್ ಕೊಟ್ಟು ನನ್ನ ಕಡೆ ತಿರುಗಿದ. "ನೀವೂ ಅರಭಾವಿಗೇನ್ರಿ?"

ಖುಷಿಯಲ್ಲಿ ನಾನು ಹೌದೆಂದು ತಲೆಯಾಡಿಸಿದೆ.

"ಬಾಯಿಲೆ ಹೇಳ್ರೀ ಅಮ್ಮಾರ! ಇನ್ನ ನಾ ಯಾರ ಕುತ್ತಿಗಿನೂ ನಂಬಾಂಗಿಲ್ಲ."