ಮಹಡಿಯ ಮೇಲಿನ ಹೊಲಿಗೆ

ನನಗೆ ಅನುಮಾನ ಜಾಸ್ತಿ. ಹಾಲಿನವನು ನಕ್ಕರೆ ಇವತ್ತು ನೀರು ಹೆಚ್ಚು ಬೆರೆಸಿದ್ದಾನೆ ಅಂದುಕೊಳ್ಳುತ್ತೇನೆ. ನಗದಿದ್ದರೆ, ಬೆರೆಸಿ ಹೆದರಿದ್ದಾನೆ ಅಂದುಕೊಳ್ಳುತ್ತೇನೆ. ಇಂಥವಳ ಮನೆಯ ಮಹಡಿಗೇ ಲಾನ್ ಬಾಡಿಗೆಗೆ ಬರಬೇಕೆ?

ಲಾನ್ ವಿಯೆಟ್ನಾಮಿನವಳು. ಕೆಲಮಂಗಲದ ವೆಂಕಟೇಶ ಹೊಸೂರಿನ ಕಾರ್ಖಾನೆಯಿಂದ ಆ ದೇಶಕ್ಕೆ ತರಬೇತಿಗೆ ಹೋಗಿ, ಅವಳನ್ನು ಮದುವೆಯಾಗಿ ಕರೆತಂದಿದ್ದ. ಜೂಜುವಾಡಿಯ ನಮ್ಮ ಮನೆಗೆ ಬಂದ ದಿನವೇ ಹೇಳಿದ: "ಇವಳು ಬಂದಿರೋದು ವಿಸಿಟರ್ ವೀಸಾದಾಗೆ ಅಕ್ಕ. ಇರ್ಬೋದು, ದುಡಿಯಂಗಿಲ್ಲ. ಸಿಕ್ಕಾಕ್ಕೊಂಡ್ರೆ ವಾಪಸ್ ಕಳಿಸ್ಬುಡ್ತಾರೆ."

ಅತಿಥಿ ಎಂದರೆ ತಿಥಿ ಹೇಳದೆ ಬರುವವನು ಎಂದು ಶಾಲೆಯಲ್ಲಿ ಕಲಿತಿದ್ದೆ. ಈ ವೀಸಾದ ಅತಿಥಿಗಾದರೋ ಬರುವ ತಿಥಿ, ಹೋಗುವ ತಿಥಿ ಎರಡನ್ನೂ ಮುದ್ರೆಯೊತ್ತಿ ಕೊಟ್ಟಿರುತ್ತಾರೆ. ಗಂಡನ ಮನೆಗೆ ಬಂದವಳು ಅತಿಥಿ ಹೇಗಾದಾಳು ಎಂಬುದು ನನಗೆ ತಿಳಿಯದು. ಅಡುಗೆ ಮಾಡಬಹುದು, ಪಾತ್ರೆ ತಿಕ್ಕಬಹುದು. ಅದನ್ನು ಕೆಲಸವೆಂದು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವಲ್ಲ!

ಎರಡು ತಿಂಗಳಲ್ಲಿ ಮಹಡಿಯಿಂದ ಹೊಲಿಗೆ ಯಂತ್ರದ ಸದ್ದು ಕೇಳತೊಡಗಿತು. ಬೀದಿಯ ಹೆಂಗಸರು ಚೀಲ ಹಿಡಿದು ಹತ್ತುವುದು, ಇಳಿಯುವುದು. ಎದುರು ಮನೆಯ ಮುನಿರತ್ನಮ್ಮ, "ಮ್ಯಾಲೆ ಏನೋ ನಡೀತೈತೆ ಕಣಕ್ಕ. ನಾಳೆ ಪೊಲೀಸ್ನೋರು ಬಂದ್ರೆ ಮನೆ ಓನರ್‌ನೇ ಕೇಳ್ತಾರೆ" ಎಂದು ಒಗ್ಗರಣೆ ಹಾಕಿದಳು. ಅಂದಿನಿಂದ ನಾನು ಕಿಟಕಿ ಬಿಟ್ಟು ಕದಲಲಿಲ್ಲ.

ಕೊನೆಗೆ ಪರೀಕ್ಷೆ ಮಾಡಿಯೇಬಿಡೋಣವೆಂದು ಬಿಗಿಯಾಗಿದ್ದ ರವಿಕೆಯೊಂದನ್ನು ಹಿಡಿದು ಮೇಲೆ ಹೋದೆ. ಅದು ಬಿಗಿಯಾಗಿದ್ದುದು ಮಾತ್ರ ಸುಳ್ಳಲ್ಲ. ನನ್ನನ್ನು ಕಂಡೊಡನೆ ಲಾನ್ ಯಂತ್ರದ ಮೇಲೆ ದುಪ್ಪಟಿ ಎಸೆದಳು. ರವಿಕೆ ತೋರಿಸಿದ ಮೇಲೆ ತೆಗೆದಳು. ಅರ್ಧ ಗಂಟೆಯಲ್ಲಿ ಬಿಚ್ಚಿ, ಹೊಲಿದು, ಇಸ್ತ್ರಿಯನ್ನೂ ಮಾಡಿ ಕೊಟ್ಟಳು. ನಾನು ಬೇಕೆಂದೇ ನೋಟು ಚಾಚಿದೆ. ಅವಳು ಬೆಂಕಿ ಕಂಡವಳಂತೆ ಹಿಂದೆ ಸರಿದು, ಗಂಡನಿಂದ ಕಲಿತ ಅರೆಬರೆ ಕನ್ನಡದಲ್ಲಿ ಹೇಳಿದಳು:

"ಕಾಸು ಬೇಡ ಅಕ್ಕ. ಕೈ ಸುಮ್ನೆ ಇರಲ್ಲ, ಅದಕ್ಕೆ."

ಹಾಗಾದರೆ ಬಾಳೆಹಣ್ಣಾದರೂ ತಗೋ ಎಂದೆ. ಅದೂ ಬೇಡ. ಕಣ್ಣಲ್ಲಿ ನೀರು.

ಸಂಜೆ ವೆಂಕಟೇಶ ಕೆಳಗಿಳಿದು ಬಂದ. "ಅವಳು ಅಲ್ಲಿ ಹತ್ತು ವರ್ಷ ಟೈಲರಾಗಿದ್ಲು ಅಕ್ಕ. ಯಾರ ತಾವೂ ಏನೂ ಈಸ್ಕಂಡಿಲ್ಲ. ನೀವು ದಿನಾ ಕಿಟಕಿ ತಾವ ನಿಂತಿರ್ತೀರಲ್ಲ, ಕಂಪ್ಲೇಂಟ್ ಕೊಡೋಕೆ ನೋಡ್ತಾವ್ರೆ ಅಂತ ಸರಿಯಾಗಿ ಊಟಾನೂ ಮಾಡ್ತಿಲ್ಲ."

ನಾನು ಒಬ್ಬಳೇ ಅನುಮಾನಿಸುತ್ತಿದ್ದೇನೆ ಅಂದುಕೊಂಡಿದ್ದೆ. ಇಷ್ಟೂ ದಿನ ನನ್ನ ತಲೆಯ ಮೇಲೇ ಕೂತು ಒಬ್ಬಳು ನನಗೆ ಹೆದರಿಕೊಂಡಿದ್ದಳು! ನಾಚಿಕೆಯಾಯಿತು.

ವೀಸಾ ಬದಲಿಸಿ ದುಡಿಯಲು ಅನುಮತಿ ಕೇಳುವ ಅರ್ಜಿಗೆ ವಿಳಾಸದ ಪತ್ರ ಬೇಕೆಂದಾಗ ನಾನೇ ಬರೆದುಕೊಟ್ಟೆ. ಕಚೇರಿಗೆ ಅವರ ಜೊತೆ ಮೂರು ಸಲ ಹೋದೆ. ಅಲ್ಲಿನವರು ನಮ್ಮ ಮೂವರನ್ನೂ ಸಮನಾಗಿ ಅನುಮಾನಿಸಿದರು. ಮದುವೆ ಫೋಟೋದಲ್ಲಿ ಗಂಡ ಯಾಕೆ ನಗುತ್ತಿಲ್ಲ ಎಂದೂ ಒಬ್ಬರು ಕೇಳಿದರು. ಎಂಟು ತಿಂಗಳ ಮೇಲೆ ಅನುಮತಿ ಬಂತು. ಲಾನ್ ಆ ಕಾಗದವನ್ನು ಎದೆಗೊತ್ತಿಕೊಂಡು ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು.

ಈಗ ಬೀದಿ ತುದಿಯಲ್ಲಿ ಅವಳ ಅಂಗಡಿಯಿದೆ. ಹಬ್ಬಕ್ಕೆಂದು ಹದಿನೈದು ದಿನ ಮೊದಲೇ ರವಿಕೆ ಬಟ್ಟೆ ಕೊಟ್ಟಿದ್ದೆ. ನಿನ್ನೆ ಕೇಳಲು ಹೋದರೆ ತಲೆಯೆತ್ತದೆ ಹೇಳಿದಳು: "ಆಯ್ತು ಅಕ್ಕ, ಹುಕ್ಸ್ ಒಂದೇ ಬಾಕಿ. ನಾಳೆ ಬನ್ನಿ."

ಬಗ್ಗಿ ನೋಡಿದೆ. ನನ್ನ ಬಟ್ಟೆ ನಾನು ಕೊಟ್ಟ ಚೀಲದಲ್ಲೇ, ಮಡಿಕೆಯೂ ಬಿಚ್ಚದೆ ಕೂತಿತ್ತು. ಯಾವ ಸರ್ಕಾರ ಏನೇ ಮುದ್ರೆಯೊತ್ತಲಿ, ಅವಳು ಪೂರ್ತಿ ನಮ್ಮೂರಿನ ಟೈಲರಾದದ್ದು ನನಗೆ ಆಗಲೇ ಖಾತ್ರಿಯಾಯಿತು.